ಸೆಷನ್ ಮುಗಿದ್ಮೇಲೂ ಫೋನ್ ಬರುತ್ತೆ

ಪ್ರಶ್ನೆ: ಗ್ರೂಪ್ ಥೆರಪಿಗೆ ಸೇರಿ ತಿಂಗಳಾಯ್ತು ಮೇಡಂ. ಗ್ರೂಪಲ್ಲಿರೋ ಒಬ್ರು ದಿನಾ ರಾತ್ರಿ ಫೋನ್ ಮಾಡಿ ಅಳ್ತಾರೆ, ಬೇಡ ಅನ್ನೋಕೆ ಬಾಯೇ ಬರಲ್ಲ. ಬೇಡ ಅನ್ಬೇಕು ಅನ್ಸುತ್ತಲ್ಲ, ನಂದು ಕಲ್ಲುಮನಸ್ಸಾ?

ಉತ್ತರ: ಖಂಡಿತ ಅಲ್ಲಮ್ಮ. ಅವರ ನೋವಿಗೆ ಕರಗೋದು ಬೇರೆ, ಅದನ್ನ ಹೊತ್ಕೊಂಡು ನಿದ್ದೆಗೆಡೋದು ಬೇರೆ. ಸಾಮಾನ್ಯವಾಗಿ 6ರಿಂದ 10 ಜನ ಇರೋ ಗ್ರೂಪಲ್ಲಿ ಇಬ್ರೇ ಹೊರಗಡೆ ಮಾತಾಡ್ಕೊಂಡ್ರೆ ಒಳಗೆ ಗುಟ್ಟು ಹುಟ್ಕೊಳ್ಳುತ್ತೆ, ಮಿಕ್ಕವರ ಮುಂದೆ ಬಿಚ್ಚಿ ಮಾತಾಡೋಕೆ ಆಗಲ್ಲ, ಅದಕ್ಕೇ ಎಷ್ಟೋ ಥೆರಪಿಸ್ಟ್‌ಗಳು ಹೊರಗಿನ ಮಾತುಕತೆನ ಸೆಷನ್‌ನಲ್ಲಿ ಹೇಳ್ಬೇಕು ಅಂತ ಮೊದಲೇ ರೂಲ್ ಮಾಡಿರ್ತಾರೆ. "ರಾತ್ರಿ ಫೋನ್ ಎತ್ತೋಕಾಗಲ್ಲ, ಗ್ರೂಪಲ್ಲೇ ಮಾತಾಡೋಣ" ಅಂತ ಅವರಿಗೇ ಹೇಳಿ, ಥೆರಪಿಸ್ಟ್‌ಗೂ ತಿಳಿಸಿ. ಬೇಡ ಅನ್ನೋದನ್ನ ಕಲಿಯೋಕೆ ಗ್ರೂಪ್‌ಗಿಂತ ಒಳ್ಳೆ ಜಾಗ ಇಲ್ಲ ಅಂತ ನಂಗನ್ಸುತ್ತೆ. ಅವರೇನಾದ್ರೂ ಸಾಯೋ ಮಾತಾಡಿದ್ರೆ ಮಾತ್ರ ಸೆಷನ್‌ವರೆಗೂ ಕಾಯ್ಬೇಡಿ, ಆಗ್ಲೇ ಥೆರಪಿಸ್ಟ್‌ಗೆ ಫೋನ್ ಮಾಡಿ.