ವೃದ್ಧಾಶ್ರಮದಲ್ಲಿ ಅಪ್ಪ-ಅಮ್ಮ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ಅಮ್ಮನಿಗೆ 81 ವರ್ಷ, ವೃದ್ಧಾಶ್ರಮದಲ್ಲಿದ್ದಾರೆ. ಜಾಗ ಚೊಕ್ಕಟವಾಗಿದೆ, ಅಡುಗೆಯೂ ರುಚಿಯಾಗಿದೆ. ಆದರೂ ಹೋದಾಗಲೆಲ್ಲ ತುಟಿ ಒಣಗಿರುತ್ತದೆ, ಮೈ ಇಳಿದಿದೆ. ಕೇಳಿದರೆ ‘ಎಲ್ಲ ಸರಿಯಿದೆ’ ಎನ್ನುತ್ತಾರೆ.
– ಓದುಗರು, ದಾವಣಗೆರೆ

ಉತ್ತರ: ಮೊದಲು ನೀರಿನ ವಿಷಯ ವಿಚಾರಿಸಿ. ವಯಸ್ಸಾದಂತೆ ಬಾಯಾರಿಕೆ ಗೊತ್ತಾಗುವುದು ಕಡಿಮೆ, ನಿಜ. ಆದರೆ ಆಶ್ರಮಗಳಲ್ಲಿ ಇನ್ನೊಂದು ಕಾರಣವೂ ಇರುತ್ತದೆ: ರಾತ್ರಿ ಶೌಚಾಲಯಕ್ಕೆ ಹೋಗಲು ಯಾರನ್ನಾದರೂ ಎಬ್ಬಿಸಬೇಕಲ್ಲ ಎಂಬ ಸಂಕೋಚ. ಅದಕ್ಕಾಗಿ ಮಧ್ಯಾಹ್ನದಿಂದಲೇ ನೀರು ಬಿಟ್ಟುಬಿಡುತ್ತಾರೆ. ಇಂಥವರಿಗೆ ‘ನೀರು ಕುಡಿಯಿರಿ’ ಎಂದು ಎಷ್ಟು ಹೇಳಿದರೂ ಪ್ರಯೋಜನವಿಲ್ಲ. ಮಲಗುವ ಮುನ್ನ ಒಮ್ಮೆ, ನಡುರಾತ್ರಿ ಎಚ್ಚರವಿದ್ದರೆ ಇನ್ನೊಮ್ಮೆ ಸಿಬ್ಬಂದಿಯೇ ಬಂದು ಕೇಳುವ ಏರ್ಪಾಡು ಮಾಡಿಸಿ. ಕರೆಗಂಟೆ ಮಲಗಿದಲ್ಲೇ ಕೈಗೆಟುಕಬೇಕು; ಗೋಡೆಯ ಮೇಲಿದ್ದರೆ ಅದು ಇದ್ದೂ ಇಲ್ಲದ ಹಾಗೆ. ಹೃದಯ, ಮೂತ್ರಪಿಂಡದ ತೊಂದರೆಗೆ ವೈದ್ಯರು ಮಿತಿ ಹಾಕಿಲ್ಲದಿದ್ದರೆ ಮಜ್ಜಿಗೆ, ಅಂಬಲಿ, ಕಾಫಿ ಎಲ್ಲ ಸೇರಿ ದಿನಕ್ಕೆ ಸುಮಾರು ಒಂದೂವರೆ ಲೀಟರ್ ಹೋಗಲಿ, ಅದರಲ್ಲಿ ಹೆಚ್ಚಿನ ಪಾಲು ಸಂಜೆ 5ರೊಳಗೆ. ಲೋಟಕ್ಕೆ ಹಿಡಿ ಇರಲಿ, ಅರ್ಧವೇ ತುಂಬಿಸಲಿ. ತುಂಬಿದ ಸ್ಟೀಲ್ ಚೊಂಬನ್ನು ನಡುಗುವ ಕೈ ಎತ್ತಲಾರದು.

ತೂಕವನ್ನು ತಿಂಗಳಿಗೊಮ್ಮೆ ನೋಡಿ ಬರೆದಿಡಲು ಹೇಳಿ. ಒಂದು ತಿಂಗಳಲ್ಲಿ ನೂರಕ್ಕೆ 5ರಷ್ಟು, ಅಂದರೆ 50 ಕೆ.ಜಿ. ಇದ್ದವರು ಎರಡೂವರೆ ಕೆ.ಜಿ. ಇಳಿದರೆ ವೈದ್ಯರಿಗೆ ತೋರಿಸಲೇಬೇಕು. ಹಲ್ಲುಸೆಟ್ಟನ್ನೂ ಪರೀಕ್ಷಿಸಿ. ವಸಡು ಕುಗ್ಗಿ ಸೆಟ್ ಸಡಿಲವಾದರೆ ಪಲ್ಯ, ಕಾಳು, ಚಪಾತಿ ಬಿಟ್ಟು ಬರೀ ಅನ್ನ-ಸಾರಿಗೆ ಇಳಿಯುತ್ತಾರೆ, ಮೈ ಇನ್ನಷ್ಟು ಸೊರಗುತ್ತದೆ. ರಾತ್ರಿಯೂಟ ಎಷ್ಟು ಗಂಟೆಗೆ ಎಂದೂ ಕೇಳಿ. ಸಂಜೆ 6ಕ್ಕೆ ಊಟ ಮುಗಿಸಿ ಬೆಳಗ್ಗೆ ಎಂಟೂವರೆಗೆ ತಿಂಡಿ ಕೊಟ್ಟರೆ ನಡುವೆ ಹದಿನಾಲ್ಕೂವರೆ ಗಂಟೆ ಹೊಟ್ಟೆ ಖಾಲಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಎಂಬ ಮಧುಮೇಹದ ಮಾತ್ರೆ ತೆಗೆದುಕೊಳ್ಳುವವರಿಗೆ ರಾತ್ರಿ ಸಕ್ಕರೆ ಅಂಶ ಕುಸಿಯುವುದು ಹೀಗೆಯೇ. 9 ಗಂಟೆಗೆ ಒಂದು ಲೋಟ ಹಾಲಾದರೂ ಬೇಕು.

ಪ್ರಶ್ನೆ: ಹಾಸಿಗೆ ಹಿಡಿದ ತಂದೆಯ ಬೆನ್ನ ಕೆಳಗೆ, ಬಾಲದ ಮೂಳೆಯ ಹತ್ತಿರ ಕೆಂಪಾಗಿದೆ. ಗಾಳಿ ಹಾಸಿಗೆ ಕೊಡಿಸಿದ್ದೇವೆ. ಸಾಕೇ?
– ಓದುಗರು, ಹುಬ್ಬಳ್ಳಿ

ಉತ್ತರ: ಸಾಲದು. ಕೆಂಪಾದ ಜಾಗವನ್ನು ಬೆರಳಿನಿಂದ ಮೂರು ಸೆಕೆಂಡ್ ಒತ್ತಿ ಬಿಡಿ. ಬಿಳಿಚಿಕೊಂಡು ಮತ್ತೆ ಕೆಂಪಾದರೆ ರಕ್ತ ಓಡಾಡುತ್ತಿದೆ. ಬಿಳಿಚಿಕೊಳ್ಳದೆ ಹಾಗೇ ಉಳಿದರೆ ಒತ್ತಡದ ಹುಣ್ಣು ಶುರುವಾಗಿದೆ ಎಂದರ್ಥ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣದೇ ಇರಬಹುದು. ಸುತ್ತಲಿಗಿಂತ ಬಿಸಿಯೋ, ಗಟ್ಟಿಯೋ ಎಂದು ಮುಟ್ಟಿ ನೋಡಬೇಕು. ಅಲ್ಲಿ ಎಣ್ಣೆ ಹಚ್ಚಿ ತಿಕ್ಕಲೇಬೇಡಿ, ಒಳಗಿನ ಅಂಗಾಂಶ ಇನ್ನಷ್ಟು ನಲುಗುತ್ತದೆ. ನಡುವೆ ತೂತಿರುವ ರಿಂಗ್ ದಿಂಬೂ ಬೇಡ. ಅದರ ಅಂಚೇ ರಕ್ತ ತಡೆಯುತ್ತದೆ.

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಪೂರ್ತಿ ಹೊರಳಿಸುವುದು ಬೇಡ, ಬೆನ್ನ ಹಿಂದೆ ದಿಂಬು ಕೊಟ್ಟು ಸುಮಾರು 30 ಡಿಗ್ರಿ ವಾಲಿಸಿದರೆ ಸಾಕು. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಮಾಡಿ. ಗಾಳಿ ಹಾಸಿಗೆಯ ಪಂಪನ್ನು ಅವರ ತೂಕಕ್ಕೆ ತಕ್ಕಂತೆ ತಿರುಗಿಸಿದ್ದಾರೆಯೇ ನೋಡಿ. ಕರೆಂಟ್ ಹೋಗಿ ಗಾಳಿ ಇಳಿದದ್ದು ಬೆಳಗಾದರೂ ಯಾರಿಗೂ ತಿಳಿಯದೇ ಇರುವುದುಂಟು, ಆಗ ಮೈ ನೇರ ಹಲಗೆಯ ಮೇಲಿದ್ದಂತೆಯೇ. ಚರ್ಮ ಒಡೆದಿದ್ದರೆ ಅಂದೇ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಚೆನ್ನಾಗಿ ಮಾತಾಡುತ್ತಿದ್ದ ಅಜ್ಜಿ ಎರಡೇ ದಿನದಲ್ಲಿ ನಮ್ಮ ಗುರುತು ಹಿಡಿಯದಂತಾದರು, ರಾತ್ರಿ ಕೂಗುತ್ತಾರೆ. ನಿದ್ದೆ ಮಾತ್ರೆ ಕೊಡುತ್ತೇವೆ ಎನ್ನುತ್ತಿದ್ದಾರೆ.
– ಓದುಗರು, ಮಂಗಳೂರು

ಉತ್ತರ: ಸದ್ಯಕ್ಕೆ ಒಪ್ಪಬೇಡಿ. ಮರೆವಿನ ಕಾಯಿಲೆ ತಿಂಗಳು, ವರ್ಷಗಳಲ್ಲಿ ಬೆಳೆಯುತ್ತದೆ. ಎರಡು ದಿನದಲ್ಲಿ ಬಂದ ಗೊಂದಲಕ್ಕೆ ಹೆಚ್ಚಾಗಿ ದೇಹದಲ್ಲೇ ಕಾರಣವಿರುತ್ತದೆ: ಮೂತ್ರದ ಅಥವಾ ಶ್ವಾಸಕೋಶದ ಸೋಂಕು, ಕಟ್ಟಿಕೊಂಡ ಮಲ-ಮೂತ್ರ, ರಕ್ತದಲ್ಲಿ ಸೋಡಿಯಂ ಇಳಿಕೆ, ಹೊಸ ಮಾತ್ರೆ. ಶೀತಕ್ಕೆಂದು ಕೊಡುವ ಕ್ಲೋರ್‌ಫೆನಿರಮಿನ್ ಕೂಡ ಹಿರಿಯರನ್ನು ಹೀಗೆ ಮಾಡಬಲ್ಲದು. ಜ್ವರ ಇಲ್ಲ ಎಂದ ಮಾತ್ರಕ್ಕೆ ಸೋಂಕಿಲ್ಲ ಎನ್ನಲಾಗದು. ಅದೇ ದಿನ ವೈದ್ಯರಿಗೆ ತೋರಿಸಿ, ಎರಡು ವಾರದಲ್ಲಿ ಕೊಟ್ಟ ಎಲ್ಲ ಮಾತ್ರೆಗಳ ಪಟ್ಟಿ ಒಯ್ಯಿರಿ. ಕನ್ನಡಕ, ಶ್ರವಣಯಂತ್ರ ಹಾಕಿದ್ದಾರೆಯೇ, ಅದರ ಬ್ಯಾಟರಿ ಇದೆಯೇ ನೋಡಿ. ಕಾಣದೆ ಕೇಳದೆ ಇದ್ದರೆ ಗಾಬರಿ ಇಮ್ಮಡಿಯಾಗುತ್ತದೆ. ನಿದ್ದೆ ಮಾತ್ರೆ ಕಾರಣವನ್ನು ಮುಚ್ಚುತ್ತದೆ, ಜತೆಗೆ ರಾತ್ರಿ ಎದ್ದಾಗ ಬೀಳಿಸುತ್ತದೆ. ಮಂಚಕ್ಕೆ ಕಟ್ಟುವುದು ಕಂಡರೆ ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ ತಿಳಿಸಿ.

ಪ್ರಶ್ನೆ: ಕೊರತೆ ಯಾವುದೂ ಇಲ್ಲ. ಆದರೂ ಅಪ್ಪ ಇಡೀ ದಿನ ಸುಮ್ಮನೆ ಕೂತಿರುತ್ತಾರೆ.
– ಓದುಗರು, ಮೈಸೂರು

ಉತ್ತರ: ಅವರು ತೀರ್ಮಾನಿಸಲು ಏನಾದರೂ ಉಳಿದಿದೆಯೇ ಗಮನಿಸಿ. ಅಮೆರಿಕದ ಕನೆಕ್ಟಿಕಟ್‌ನ ಒಂದು ಆರೈಕೆ ಕೇಂದ್ರದಲ್ಲಿ ಮನೋವಿಜ್ಞಾನಿಗಳಾದ ಎಲೆನ್ ಲ್ಯಾಂಗರ್ ಮತ್ತು ಜೂಡಿತ್ ರೋಡಿನ್ ಒಂದು ಅಧ್ಯಯನ ನಡೆಸಿ, 1976ರಲ್ಲಿ ಪ್ರಕಟಿಸಿದರು. ಒಂದು ಮಹಡಿಯವರಿಗೆ ಗಿಡ ಕೊಟ್ಟು ನೋಡಿಕೊಳ್ಳುವ ಹೊಣೆಯನ್ನೂ ಅವರಿಗೇ ವಹಿಸಿ, ಸಿನಿಮಾ ಯಾವ ದಿನ ನೋಡಬೇಕೆಂದು ಅವರೇ ಆರಿಸಲಿ ಎಂದರು. ಇನ್ನೊಂದು ಮಹಡಿಯವರಿಗೆ ಅದನ್ನೆಲ್ಲ ಸಿಬ್ಬಂದಿಯೇ ನಿರ್ಧರಿಸಿದರು. ಮೊದಲಿನವರೇ ಹೆಚ್ಚು ಲವಲವಿಕೆಯಿಂದ ಇದ್ದರು.

ಒಂದು ಹಾಳೆಯಲ್ಲಿ ಅಪ್ಪ ಮಾಡುತ್ತಿದ್ದ ಕೆಲಸ, ಏಳುವ ಹೊತ್ತು, ಸ್ನಾನ ತಿಂಡಿಗೆ ಮೊದಲೋ ಆಮೇಲೋ, ಯಾವ ಪತ್ರಿಕೆ, ಕಾಫಿಗೆ ಎಷ್ಟು ಸಕ್ಕರೆ, ಯಾವ ಹೆಸರಿನಿಂದ ಕರೆದರೆ ಇಷ್ಟ ಎಂದು ಬರೆದು ಮಂಚದ ಬಳಿ ಅಂಟಿಸಿ. ಹೊಸ ಸಿಬ್ಬಂದಿಗೆ ಅದೇ ದಾರಿ. ಲೆಕ್ಕ ಬಲ್ಲವರಾದರೆ ತರಕಾರಿ ಖರ್ಚಿನ ಪುಸ್ತಕ ಅವರ ಕೈಗೆ ಕೊಡುವಂತೆ ವ್ಯವಸ್ಥಾಪಕರನ್ನು ಕೇಳಿ; ತೋಟ ಬಲ್ಲವರಾದರೆ ಸೊಂಟದೆತ್ತರದ ಕುಂಡಗಳಲ್ಲಿ ಮೆಂತ್ಯ, ದಂಟು ಬೆಳೆಸಲಿ, ಬಗ್ಗುವ ಕಷ್ಟವಿರದು.