ಬೆಂಕಿ ಬಿದ್ದ ಬಾಡಿಗೆ ಮನೆ: ದುರಸ್ತಿ ಯಾರ ಹೊಣೆ?

ಪ್ರಶ್ನೆ: ಬೆಳಗಾವಿಯ ಟಿಳಕವಾಡಿಯ ಅಪಾರ್ಟ್‌ಮೆಂಟ್ ಒಂದರಲ್ಲಿ ತಿಂಗಳಿಗೆ 12,000 ರೂಪಾಯಿ ಬಾಡಿಗೆಗೆ ಇದ್ದೇವೆ. ಬಚ್ಚಲುಮನೆಯ ಗೀಸರ್ ಪ್ಲಗ್ಗಿನಲ್ಲಿ ಹೊತ್ತಿಕೊಂಡ ಬೆಂಕಿ ಅಡುಗೆಮನೆಯವರೆಗೆ ಹಬ್ಬಿ, ವೈರಿಂಗ್ ಸುಟ್ಟು, ಗೋಡೆಯ ಗಿಲಾವು ಉದುರಿದೆ. ಮಾಲೀಕರು ದುರಸ್ತಿಯ ಖರ್ಚನ್ನೆಲ್ಲ ನಮ್ಮ ಠೇವಣಿಯಲ್ಲಿ ಮುರಿದುಕೊಳ್ಳುವುದಾಗಿ ಹೇಳುತ್ತಿದ್ದಾರೆ, ಬಾಡಿಗೆಯನ್ನೂ ಕೇಳುತ್ತಿದ್ದಾರೆ. ಇದು ನ್ಯಾಯವೇ?
– ಓದುಗರೊಬ್ಬರು, ಬೆಳಗಾವಿ

ಉತ್ತರ: ಬೆಂಕಿಗೆ ಕಾರಣವೇನೆಂಬುದು ತೀರ್ಮಾನವಾಗದೆ ಠೇವಣಿಗೆ ಕೈ ಹಾಕುವುದು ನ್ಯಾಯವಲ್ಲ. ಕರ್ನಾಟಕ ಬಾಡಿಗೆ ಕಾಯ್ದೆ, 1999 ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳಿಗೆ ಅನ್ವಯಿಸದಿರುವುದರಿಂದ, ನಿಮ್ಮ ಸಂಗತಿಯನ್ನು ನಿಮ್ಮ ಕರಾರುಪತ್ರ ಮತ್ತು 1882ರ ಆಸ್ತಿ ಹಸ್ತಾಂತರ ಕಾಯ್ದೆಯ 108ನೇ ಕಲಮಿನ ಆಧಾರದ ಮೇಲೆ ನೋಡಬೇಕಾಗುತ್ತದೆ. ಮನೆಯನ್ನು ವಹಿಸಿಕೊಂಡಾಗ ಹೇಗಿತ್ತೋ ಹಾಗೆಯೇ ಒಪ್ಪಿಸಬೇಕಾದದ್ದು ಬಾಡಿಗೆದಾರರ ಕರ್ತವ್ಯವೆಂದು ಆ ಕಲಮು ಹೇಳುತ್ತದೆ. ಆದರೆ ದಿನಬಳಕೆಯ ಸವೆತವನ್ನೂ ತಡೆಯಲಾಗದ ಅನಾಹುತವನ್ನೂ ಅದರಿಂದ ಹೊರಗಿಟ್ಟಿದೆ.

ಆದ್ದರಿಂದ ಆ ಗೀಸರನ್ನು ಯಾರು ಕೂಡಿಸಿದರು, ಯಾವ ಪ್ಲಗ್ಗಿಗೆ ಕೂಡಿಸಿದರು ಎಂಬುದೇ ಇಲ್ಲಿ ಮುಖ್ಯವಾಗುತ್ತದೆ. 2,000 ವಾಟಿನ ಗೀಸರ್ ಸುಮಾರು 9 ಆಂಪಿಯರ್ ಎಳೆಯುವುದರಿಂದ, ಅದನ್ನು 6 ಆಂಪಿಯರಿನ ಸಾದಾ ಪ್ಲಗ್ಗಿಗೆ ಜೋಡಿಸಿದರೆ ಸಾಕೆಟ್ಟು ಕಾದು ಕರಗುತ್ತದೆ. ಹಾಗೆ ಜೋಡಿಸಿದವರು ನೀವೇ ಆಗಿದ್ದರೆ ಖರ್ಚು ನಿಮ್ಮ ತಲೆಗೇ ಬರುತ್ತದೆ. ಗೀಸರ್ ಮೊದಲಿನಿಂದಲೂ ಮನೆಯಲ್ಲೇ ಇದ್ದು, ಗೋಡೆಯೊಳಗಿನ ಹಳೆಯ ವೈರಿನಲ್ಲಿ ದೋಷವಿದ್ದರೆ ನಿಮ್ಮ ಮೇಲೆ ಹೊರೆ ಹಾಕಲು ಮಾಲೀಕರಿಗೆ ಆಧಾರವಿಲ್ಲ. ಸುಟ್ಟ ಪ್ಲಗ್ಗನ್ನು ಎಸೆಯದೆ, ಸುಣ್ಣಬಣ್ಣ ಮಾಡಿಸುವ ಮೊದಲೇ ಫೋಟೊ ತೆಗೆದು, ಅಗ್ನಿಶಾಮಕ ಸಿಬ್ಬಂದಿ ಬಂದಿದ್ದರೆ ಅವರ ವರದಿಯನ್ನು ಕೇಳಿ ಪಡೆಯಿರಿ.

ಮಾಲೀಕರು ಎಲ್ಲ ದುರಸ್ತಿಯನ್ನೂ ಮಾಡಿಸಲೇಬೇಕೆಂದು ಆಸ್ತಿ ಹಸ್ತಾಂತರ ಕಾಯ್ದೆ ಸಾರಾಸಗಟಾಗಿ ಹೇಳುವುದಿಲ್ಲ ಎಂಬುದನ್ನೂ ಗಮನಿಸಬೇಕು. ಕರಾರಿನಲ್ಲಿ ದೊಡ್ಡ ದುರಸ್ತಿ ಮಾಲೀಕರದೆಂದು ಬರೆದಿದ್ದು, ಲಿಖಿತ ನೋಟಿಸು ಕೊಟ್ಟ ಮೇಲೂ ತಕ್ಕ ಅವಧಿಯಲ್ಲಿ ಅವರು ಮಾಡಿಸದಿದ್ದರೆ, ನೀವೇ ಮಾಡಿಸಿ ಖರ್ಚನ್ನು ಬಡ್ಡಿಸಹಿತ ಬಾಡಿಗೆಯಲ್ಲಿ ಕಳೆದುಕೊಳ್ಳಬಹುದು. (ಹನ್ನೊಂದು ತಿಂಗಳಿಗೆಂದು ಒಂದೇ ಅಚ್ಚಿನಲ್ಲಿ ಟೈಪಾಗುವ ನಮ್ಮ ಕರಾರುಪತ್ರಗಳಲ್ಲಿ ಬೆಂಕಿಯ ಮಾತು ಇರುವುದು ಅಪರೂಪ.)

ಬಾಡಿಗೆಯನ್ನು ಏಕಾಏಕಿ ನಿಲ್ಲಿಸಬೇಡಿ, ಅದು ಮನೆ ಬಿಡಿಸಲು ಮಾಲೀಕರ ಕೈಗೆ ನೀವೇ ಕೊಟ್ಟ ಕಾರಣವಾಗುತ್ತದೆ. ತಕರಾರನ್ನು ಬರೆದು ತಿಳಿಸಿ, ಬ್ಯಾಂಕ್ ಮೂಲಕವೇ ಕಟ್ಟುತ್ತಿರಿ. ಮನೆಯ ಮುಖ್ಯ ಭಾಗವೇ ನಾಶವಾಗಿ ಅಥವಾ ಕಾಯಮ್ಮಾಗಿ ವಾಸಕ್ಕೆ ಬಾರದಂತಾಗಿ, ತಪ್ಪು ನಿಮ್ಮದಲ್ಲದಿದ್ದರೆ, ಬಾಡಿಗೆ ಕರಾರನ್ನು ರದ್ದುಪಡಿಸುವ ಆಯ್ಕೆ ನಿಮ್ಮದು. ಆದರೆ ವೈರಿಂಗ್ ಮತ್ತು ಗಿಲಾವಿನ ಹಾನಿಯನ್ನು ಅಷ್ಟು ದೊಡ್ಡದೆಂದು ಹೇಳುವುದು ಕಷ್ಟ.

ಕಟ್ಟಡಕ್ಕೆ ಮಾಲೀಕರು ವಿಮೆ ಮಾಡಿಸಿದ್ದರೆ ಅದು ಸಾಮಾನ್ಯವಾಗಿ ಗೋಡೆ, ವೈರಿಂಗಿಗೆ ಸೀಮಿತವಾಗಿದ್ದು, ಸುಟ್ಟ ನಿಮ್ಮ ಸಾಮಾನಿಗೆ ಪರಿಹಾರ ಬೇಕಾದರೆ ನಿಮ್ಮದೇ ಗೃಹವಿಮೆ ಇರಬೇಕಾಗುತ್ತದೆ.