ಫೋನಿಗೆ ಗೋಣು ಹಾಕುವ ಮೊಮ್ಮಗ, ಕುಂದಾ ತರುವ ಅಜ್ಜ

ಸಂಪಾದಕರ ಉತ್ತರ

ಗುಳೇದಗುಡ್ಡದಿಂದ ನಿವೃತ್ತ ಶಿಕ್ಷಕಿಯೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ. ಪತ್ರದ ಮುಖ್ಯ ಭಾಗ ಇಷ್ಟು:

“ಮೊಮ್ಮಗ ಪುಣೆಯಲ್ಲಿದ್ದಾನೆ. ಮೂರೂವರೆ ವರ್ಷ. ಫೋನಿನಲ್ಲಿ ‘ಊಟ ಆತೇನಪಾ’ ಅಂತ ಕೇಳಿದರೆ ಮಾತೇ ಇಲ್ಲ. ಪಕ್ಕದಲ್ಲಿರುವ ಸೊಸೆ ‘ಗೋಣು ಹಾಕಾಕತ್ತಾನರೀ ಅತ್ತಿ’ ಅನ್ನುತ್ತಾಳೆ. ಇನ್ನು ನಮ್ಮ ಮನೆಯವರ ವಿಷಯ. ಅವರೂ ನಿಮ್ಮ ಪತ್ರಿಕೆ ಓದುತ್ತಾರೆ. ಮದುವೆಯಾಗಿ 41 ವರ್ಷ. ‘ನಿನ್ನ ಮನಸು ನನಗ ಗೊತ್ತಿಲ್ಲೇನು’ ಅನ್ನುವುದು ಅವರ ಯಾವತ್ತಿನ ಮಾತು. ಬೆಳಗಾವಿಗೆ ಹೋದಾಗಲೆಲ್ಲ ನನಗೆಂದು ಕುಂದಾ ತರುತ್ತಾರೆ. ನನಗೆ ಕುಂದಾ ಸೇರುವುದಿಲ್ಲ. ಇನ್ನೊಬ್ಬರ ಮನಸ್ಸು ತಿಳಿಯುವ ಬುದ್ಧಿ ಯಾವ ವಯಸ್ಸಿಗೆ ಬರುತ್ತದೆ? ಕೆಲವರಿಗೆ ಬರುವುದೇ ಇಲ್ಲವೋ?”

ಅಕ್ಕೋರೇ, ಮೊದಲು ಮೊಮ್ಮಗನ ಪರವಾಗಿ ಒಂದು ಮಾತು. ಅವನು ನಿಮಗೆ ಉತ್ತರ ಕೊಟ್ಟಿದ್ದಾನೆ. ತನ್ನ ಗೋಣು ಗುಳೇದಗುಡ್ಡಕ್ಕೆ ಕಾಣುವುದಿಲ್ಲ ಅನ್ನುವುದು ಮಾತ್ರ ಅವನಿಗೆ ಇನ್ನೂ ಹೊಳೆದಿಲ್ಲ.

ರಜೆಗೆ ಬಂದಾಗ ಅವನ ಜೊತೆ ಒಂದು ಆಟ ಆಡಿ ನೋಡಿ. ನಿಮ್ಮ ಮನೆಯಲ್ಲೂ ಒಂದು ಬಿಸ್ಕೀಟ್ ಡಬ್ಬಿ ಇದ್ದೇ ಇರುತ್ತದೆ, ಅದರಲ್ಲಿ ಬಿಸ್ಕೀಟ್ ಬಿಟ್ಟು ಸೂಜಿ-ದಾರ ಇರುತ್ತದೆ, ಅಲ್ವಾ? ಅದನ್ನು ತೋರಿಸಿ ‘ಇದರಾಗ ಏನೈತಿ’ ಅಂತ ಕೇಳಿ. ‘ಬಿಸ್ಕೀಟ್’ ಅನ್ನುತ್ತಾನೆ. ಮುಚ್ಚಳ ತೆಗೆದು ಸೂಜಿ-ದಾರ ತೋರಿಸಿ, ಮತ್ತೆ ಮುಚ್ಚಿ. ಈಗ ಕೇಳಿ: ‘ಅಜ್ಜ ಇನ್ನೂ ಈ ಡಬ್ಬಿ ನೋಡಿಲ್ಲ. ಏನೈತಿ ಅಂತ ಕೇಳಿದರ ಅಜ್ಜ ಏನಂತಾನ?’ ಈ ವಯಸ್ಸಿನ ಮಕ್ಕಳು ಹೆಚ್ಚಾಗಿ ‘ಸೂಜಿ-ದಾರ’ ಅನ್ನುತ್ತಾರೆ. ತನಗೆ ಗೊತ್ತಾದದ್ದು ಅಜ್ಜನಿಗೂ ಗೊತ್ತಾಯಿತು ಅಂತಲೇ ಲೆಕ್ಕ. ಇನ್ನೂ ಮಜಾ ಬೇಕಾದರೆ ‘ಡಬ್ಬಿ ತೆಗಿಯೂಕಿಂತ ಮೊದಲ ನೀ ಏನು ಐತಿ ಅಂದುಕೊಂಡಿದ್ದಿ’ ಅಂತ ಕೇಳಿ. ಅದಕ್ಕೂ ‘ಸೂಜಿ-ದಾರ’ ಅಂದರೆ ಬಯ್ಯಬೇಡಿ. ಸುಳ್ಳು ಹೇಳುತ್ತಿಲ್ಲ. ಎರಡು ನಿಮಿಷದ ಹಿಂದಿನ ತನ್ನ ಮನಸ್ಸೂ ಅವನಿಗೆ ಬೇರೆಯವರ ಮನಸ್ಸಿದ್ದ ಹಾಗೆ.

ಇದು ನಾನು ಕಟ್ಟಿದ ಆಟವಲ್ಲ. 1983ರಲ್ಲಿ ಹೈಂಜ್ ವಿಮ್ಮರ್ ಮತ್ತು ಯೋಸೆಫ್ ಪರ್ನರ್ ಅನ್ನುವ ಮನಃಶಾಸ್ತ್ರಜ್ಞರು ಮಕ್ಕಳಿಗೆ ಮ್ಯಾಕ್ಸಿ ಅನ್ನುವ ಹುಡುಗನ ಕಥೆ ಹೇಳಿದರು. ಅವನು ಚಾಕಲೇಟ್ ಒಂದು ಕಪಾಟಿನಲ್ಲಿಟ್ಟು ಆಡಲು ಹೋಗುತ್ತಾನೆ. ಅಮ್ಮ ಅದನ್ನು ಇನ್ನೊಂದು ಕಪಾಟಿಗೆ ಹಾಕುತ್ತಾಳೆ. ಬಂದವನು ಎಲ್ಲಿ ಹುಡುಕುತ್ತಾನೆ? ಚಿಕ್ಕ ಮಕ್ಕಳು ಚಾಕಲೇಟ್ ಈಗ ಇರುವ ಕಪಾಟನ್ನೇ ತೋರಿಸಿದರು. ನಾಲ್ಕು ವರ್ಷ ಕಳೆದ ಮೇಲೆ 1987ರಲ್ಲಿ ಪರ್ನರ್ ಮತ್ತು ಜೊತೆಯವರು ಮಿಠಾಯಿ ಡಬ್ಬಿಯಲ್ಲಿ ಪೆನ್ಸಿಲ್ ಇಟ್ಟರು. ಅದಕ್ಕೇ ನಾನು ಸೂಜಿ-ದಾರ ಹಾಕಿದ್ದು. 2005ರಲ್ಲಿ ಇಂಥದೇ ಆಟವನ್ನು ಕೆನಡಾ, ಪೆರು, ಸಮೋವಾ, ಥಾಯ್ಲೆಂಡ್ ಮತ್ತು ನಮ್ಮ ಭಾರತದ ಮಕ್ಕಳ ಜೊತೆ ಆಡಿ ನೋಡಿದರು. ಎಲ್ಲ ಕಡೆಯೂ ಮೂರು ವರ್ಷದವರಲ್ಲಿ ಹೆಚ್ಚಿನವರು ತಪ್ಪಿದರು, ಐದು ವರ್ಷದವರಲ್ಲಿ ಹೆಚ್ಚಿನವರು ಸರಿ ಹೇಳಿದರು. ಅದೇ ವರ್ಷ ಬಂದ ಇನ್ನೊಂದು ಅಧ್ಯಯನ, 15 ತಿಂಗಳ ಕೂಸುಗಳ ನೋಟ ನೋಡಿದರೆ ಅವಕ್ಕೂ ಇದರ ಸುಳಿವು ಇದೆ ಅಂದಿತು. ಆ ಜಗಳ ಇನ್ನೂ ಮುಗಿದಿಲ್ಲ. ನಿಮ್ಮ ಮೊಮ್ಮಗನ ಮಟ್ಟಿಗೆ ಹೇಳುವುದಾದರೆ ಇನ್ನೊಂದು ವರ್ಷ, ಒಂದೂವರೆ ವರ್ಷ ಕಾಯಿರಿ.

ಹಾಗಾದರೆ ಇದು ಹಲ್ಲು ಬಂದ ಹಾಗೆ ತಾನಾಗಿ ಬರುತ್ತದೆಯೇ? ಇಲ್ಲಿ ನನಗೆ ತುಂಬ ಹಿಡಿಸಿದ ಸಂಗತಿ ಇದೆ. ಆಸ್ಟ್ರೇಲಿಯಾದ ಕ್ಯಾಂಡಿಡಾ ಪೀಟರ್ಸನ್ ಮತ್ತು ಮೈಕೆಲ್ ಸೀಗಲ್ 1990ರ ದಶಕದಲ್ಲಿ ಕಿವುಡ ಮಕ್ಕಳನ್ನು ಹೀಗೇ ಪರೀಕ್ಷಿಸಿದರು. ತಂದೆ-ತಾಯಿಯೂ ಕಿವುಡರಾಗಿದ್ದು, ಮನೆಯಲ್ಲಿ ಹುಟ್ಟಿದಾಗಿನಿಂದ ಸನ್ನೆ ಭಾಷೆ ನೋಡುತ್ತ ಬೆಳೆದ ಮಕ್ಕಳಿಗೆ ಈ ಬುದ್ಧಿ ಸರಿಯಾದ ಹೊತ್ತಿಗೇ ಬಂದಿತ್ತು. ಕಿವಿ ಕೇಳುವವರ ಮನೆಯಲ್ಲಿ ಹುಟ್ಟಿ, ಸನ್ನೆ ಭಾಷೆಯನ್ನು ತಡವಾಗಿ ಕಲಿತವರು ವರ್ಷಗಟ್ಟಲೆ ಹಿಂದೆ ಉಳಿದಿದ್ದರು. ಇಬ್ಬರೂ ಕಿವುಡರೇ. ಒಬ್ಬನ ಮನೆಯಲ್ಲಿ ಅವನ ಜೊತೆ ಮಾತು ನಡೆದಿತ್ತು, ಇನ್ನೊಬ್ಬನ ಮನೆಯಲ್ಲಿ ಅವನಿಗೆ ಮುಟ್ಟುವ ಮಾತು ಇರಲಿಲ್ಲ. ವ್ಯತ್ಯಾಸ ಅಷ್ಟೇ.

ನಿಕಾರಾಗುವಾ ದೇಶದ ಕಥೆ ಇನ್ನೂ ವಿಚಿತ್ರ. 1970ರ ದಶಕದ ಕೊನೆಗೆ ಅಲ್ಲಿ ಕಿವುಡ ಮಕ್ಕಳ ಶಾಲೆ ಶುರುವಾಯಿತು. ಮಕ್ಕಳು ತಾವು ತಾವೇ ಸೇರಿ ಒಂದು ಹೊಸ ಸನ್ನೆ ಭಾಷೆ ಕಟ್ಟಿಕೊಂಡರು. ಮೊದಲ ತಂಡದವರ ಭಾಷೆಯಲ್ಲಿ ‘ಅಂದುಕೊಂಡ’, ‘ಗೊತ್ತಿಲ್ಲ’ ಅನ್ನುವಂಥ ಸನ್ನೆಗಳು ಬಹಳ ಕಡಿಮೆ. ದೊಡ್ಡವರಾದ ಮೇಲೂ ಅವರಲ್ಲಿ ಎಷ್ಟೋ ಜನ ಮ್ಯಾಕ್ಸಿಯಂಥ ಆಟದಲ್ಲಿ ತಪ್ಪುತ್ತಿದ್ದರು. ಆಮೇಲೆ ತಮಗಿಂತ ಕಿರಿಯರ ಜೊತೆ ಬೆರೆತು ಆ ಸನ್ನೆಗಳನ್ನು ಕಲಿತರು. ಆಟವೂ ಬಂತು. ಜೆನ್ನಿ ಪೈಯರ್ಸ್ ಮತ್ತು ಆನ್ ಸೆಂಗಾಸ್ ಇದನ್ನು 2009ರಲ್ಲಿ ಬರೆದರು.

ಇದನ್ನು ಓದಿದ ದಿನ ನಾನು ನಮ್ಮ ‘ಅಂದುಕೊಳ್ಳು’ ಪದವನ್ನೇ ಹಿಡಿದು ಕೂತಿದ್ದೆ. ‘ಅನ್ನು’ ಅಂದರೆ ಹೇಳು. ತನಗೆ ತಾನೇ ಹೇಳಿಕೊಳ್ಳುವುದು ಅಂದುಕೊಳ್ಳುವುದು. ಯೋಚನೆಯ ಒಳಗೇ ಮಾತು ಇದೆ ನೋಡಿ. ನೀವು ಫೋನಿನಲ್ಲಿ ‘ಗೋಣು ಹಾಕಿದರ ನನಗ ಕಾಣಸಂಗಿಲ್ಲಪಾ, ಬಾಯಿಲೆ ಹೇಳು’ ಅಂದರೆ ಅದೇ ಅವನಿಗೆ ದೊಡ್ಡ ಪಾಠ.

ಇನ್ನು ಕುಂದಾ.

1997ರಲ್ಲಿ ಬೆಟ್ಟಿ ರೆಪಚೋಲಿ ಮತ್ತು ಆಲಿಸನ್ ಗೋಪ್ನಿಕ್ ಕೂಸುಗಳ ಮುಂದೆ ಎರಡು ಬಟ್ಟಲು ಇಟ್ಟರು. ಒಂದರಲ್ಲಿ ಬಿಸ್ಕೀಟ್, ಇನ್ನೊಂದರಲ್ಲಿ ಹಸಿ ಬ್ರೊಕೊಲಿ. ಕೂಸುಗಳಿಗೆ ಬಿಸ್ಕೀಟೇ ಇಷ್ಟ, ಹೇಳಬೇಕಾಗಿಲ್ಲ. ಎದುರಿಗೆ ಕೂತ ಹೆಂಗಸು ಬಿಸ್ಕೀಟ್ ಬಾಯಿಗಿಟ್ಟು ಮುಖ ಸಿಂಡರಿಸಿದಳು. ಬ್ರೊಕೊಲಿ ತಿಂದು ಖುಷಿಪಟ್ಟಳು. ಆಮೇಲೆ ಕೈ ಚಾಚಿ ‘ನನಗೂ ಕೊಡು’ ಅಂದಳು. 14 ತಿಂಗಳ ಕೂಸುಗಳು ತಮಗೆ ಇಷ್ಟವಾದ ಬಿಸ್ಕೀಟನ್ನೇ ಕೊಟ್ಟವು. 18 ತಿಂಗಳವು ಬ್ರೊಕೊಲಿ ಕೊಟ್ಟವು.

ಯಜಮಾನರಿಗೆ ಒಂದೂವರೆ ವರ್ಷದ ಕೂಸಿನಷ್ಟೂ ಬುದ್ಧಿ ಇಲ್ಲ ಅಂತ ನಗುವ ಮುಂಚೆ ಸ್ವಲ್ಪ ತಾಳಿ. ಆ ಕೂಸಿಗೆ ಒಂದು ಅನುಕೂಲ ಇತ್ತು. ಎದುರಿಗಿದ್ದವಳು ಮುಖ ಸಿಂಡರಿಸಿ ತೋರಿಸಿದ್ದಳು. ನೀವು 41 ವರ್ಷದಲ್ಲಿ ಒಂದು ಸಲವಾದರೂ ತೋರಿಸಿದ್ದೀರಾ? ಪೊಟ್ಟಣ ತೆಗೆದುಕೊಂಡು ‘ಯಾಕ ತರಾಕ ಹೋದ್ರಿ’ ಅಂದಿರಬಹುದು. ಅದನ್ನು ಯಾವ ಗಂಡ ‘ಬೇಡ’ ಅಂತ ತಿಳಿಯುತ್ತಾನೆ?

ಅವರ ಜಾಗದಲ್ಲಿ ನಿಂತು ನೋಡು, ಆಗ ಗೊತ್ತಾಗುತ್ತದೆ ಅಂತ ನಾವೆಲ್ಲ ಹೇಳುತ್ತೇವೆ. ನೀವೂ ಶಾಲೆಯಲ್ಲಿ ಹೇಳಿರುತ್ತೀರಿ. ತಾಲ್ ಎಯಾಲ್, ಮೇರಿ ಸ್ಟೆಫೆಲ್ ಮತ್ತು ನಿಕೋಲಸ್ ಎಪ್ಲಿ 2018ರಲ್ಲಿ 25 ಪ್ರಯೋಗಗಳ ಲೆಕ್ಕ ಕೊಟ್ಟರು. ಅವುಗಳಲ್ಲಿ ಗಂಡ-ಹೆಂಡತಿಯರೂ ಇದ್ದರು. ಸುಮ್ನೆ ಕೂತು ಎದುರಿನವರ ಜಾಗದಲ್ಲಿ ತಮ್ಮನ್ನು ಊಹಿಸಿಕೊಂಡವರ ಅಂದಾಜು ಹೆಚ್ಚು ಸರಿಯಾಗಲಿಲ್ಲ. ಬಾಯಿಬಿಟ್ಟು ಕೇಳಿದವರದ್ದು ಸರಿಯಾಯಿತು. ದಯೆ ಬೆಳೆಸಲು ಆ ಉಪದೇಶ ಒಳ್ಳೆಯದೇ. ಕುಂದಾ ಬೇಕೋ ಬೇಡವೋ ತಿಳಿಯಲು ಅದು ಸಾಲದು.

ನಮ್ಮ ದನದ ವ್ಯಾಪಾರಿಗಳಿಗೆ ಇದು ಮೊದಲೇ ಗೊತ್ತಿತ್ತು. ಚಿಕ್ಕವಯಸ್ಸಿನಲ್ಲಿ ಅಪ್ಪನ ಜೊತೆ ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯ ದನದ ಸಂತೆಗೆ ಹೋಗುತ್ತಿದ್ದೆ. ಖಿಲಾರಿ ಎತ್ತಿನ ಹಲ್ಲು ನೋಡಿ, ನಡಿಗೆ ನೋಡಿ, ಮಾಲೀಕನ ಕಣ್ಣು ನೋಡಿ ಎಲ್ಲ ಅಳೆಯುವ ಮಂದಿ ಅವರು. ಆದರೂ ರೇಟಿನ ಮಾತು ಬಂದಾಗ ಮುಖ ನಂಬುತ್ತಿರಲಿಲ್ಲ. ಟವೆಲ್ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ಕೇಳುತ್ತಿದ್ದರು, ಬೆರಳು ಒತ್ತಿಯೇ ಹೇಳುತ್ತಿದ್ದರು. ಮೇಲೆ ಇಬ್ಬರದೂ ಕಲ್ಲಿನಂಥ ಮುಖ. ಒಳಗೆ ಸ್ಪಷ್ಟ ಮಾತು. ಸಂಸಾರದಲ್ಲಿ ನಾವು ಉಲ್ಟಾ ಮಾಡುತ್ತೇವೇನೋ.

ಇಲ್ಲಿಯವರೆಗೆ ಬರೆದು ನಾನೂ ಎಡವಿದೆ. ಹೆಸರು ಬೇಡ ಅಂದಿದ್ದೀರಿ. ಯಜಮಾನರೂ ಈ ಪತ್ರಿಕೆ ಓದುತ್ತಾರೆ ಅಂತಲೂ ಬರೆದಿದ್ದೀರಿ. ಪುಣೆಯ ಮೊಮ್ಮಗ, ಬೆಳಗಾವಿಯ ಕುಂದಾ, 41 ವರ್ಷ. ಇಷ್ಟು ಓದಿದ ಮೇಲೆ ಅವರಿಗೆ ಹೆಸರು ಯಾಕೆ ಬೇಕು? ಹಾಗಾದರೆ ಅವರು ಓದಲಿ ಅಂತಲೇ ಬರೆದಿದ್ದೀರಿ ಅಂತ ತೀರ್ಮಾನಿಸಿಬಿಟ್ಟೆ. ಆಮೇಲೆ ನಾಚಿಕೆಯಾಗಿ ಪತ್ರದಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ‘ಅಯ್ಯ, ಅದು ನನಗ ಹೊಳೀಲೇ ಇಲ್ಲರೀ’ ಅಂದಿರಿ ನೀವು. ಹೆಸರು ಬೇಡ ಅಂದದ್ದು ನಿಮ್ಮ ಕೈಯಲ್ಲಿ ಕಲಿತ ಹುಡುಗರು ನಗಬಾರದು ಅಂತ. ಕುಂದಾ ಸಾಲು ತೆಗೆಯಲೇ ಅಂದೆ. ತುಸು ಹೊತ್ತು ಸುಮ್ಮನಿದ್ದು, ‘ಇರ್ಲಿ ಬಿಡ್ರಿ’ ಅಂದಿರಿ.

ಒಂದು ಪ್ರಶ್ನೆ ಕೇಳುವುದು ಮರೆತೆ, ಅಕ್ಕೋರೇ. ಇಷ್ಟು ವರ್ಷ ಆ ಕುಂದಾ ತಿಂದವರು ಯಾರು?